ಪ್ರವಾಸ ಸಾಹಿತ್ಯದಲ್ಲಿ ಸಾಹಸವೂ ಚಳಿಯೂ

ಕನ್ನಡದಲ್ಲಿ ಪ್ರವಾಸ ಸಾಹಿತ್ಯವು ಬಡವಾದ ಪ್ರಕಾರವೆಂದು ಈಗ ಯಾರೂ ಹೇಳಲಾರರು. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಹಂಪೆಯ ಹಾಳು ಕಲ್ಲುಗಳ ನಡುವೆ ಓದುಗನನ್ನು ನಡೆಯಿಸಿತು, ವಿ. ಕೃ. ಗೋಕಾಕರ ‘ಸಮುದ್ರದಾಚೆಯಿಂದ’ ಕಡಲು ದಾಟಿದ ಕನ್ನಡಿಗನ ಮನಸ್ಸನ್ನು ತೆರೆದು ತೋರಿತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕಾದಲ್ಲಿ ಗೊರೂರು’ 1980ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದು ಈ ಪ್ರಕಾರಕ್ಕೆ ಗೌರವದ ಪೀಠವನ್ನು ಕೊಡಿಸಿತು. ಈ ಮರಕ್ಕೆ ಈಚಿನ ವರ್ಷಗಳಲ್ಲಿ ಹೊಸದೊಂದು ಕವಲು ಒಡೆದಿದೆ. ದೇಶವನ್ನು ನೋಡಿ ಬರುವುದಷ್ಟೇ ಅಲ್ಲದೆ, ಅಲ್ಲಿ ಹಿಮದ ಮೇಲೆ ನಡೆದು, ಕೊರೆಯುವ ನೀರಿನಲ್ಲಿ ಮುಳುಗಿ, ಬೆಂಕಿಯ ಬೆಟ್ಟವನ್ನು ಹತ್ತಿ ಬಂದವರ ಬರೆಹಗಳೇ ಈ ಕವಲು. ಇವುಗಳಿಗೆ ‘ಸಾಹಸ ಪ್ರವಾಸ’ವೆಂಬ ಹೆಸರು ರೂಢಿಯಾಗಿದೆ. ಉತ್ತರದ ಶೀತದ್ವೀಪವಾದ ಐಸ್‌ಲೆಂಡು ಇಂತಹ ಬರೆಹಗಳಿಗೆ ಒಂದು ಪ್ರಿಯವಾದ ವಸ್ತು. ಆ ದ್ವೀಪವನ್ನು ಕನ್ನಡದಲ್ಲಿ ಹೇಗೆ ಹೇಳಬೇಕು, ಈಗ ಹೇಳುತ್ತಿರುವ ಬಗೆಯಲ್ಲಿ ಕೊರತೆ ಯಾವುದು, ಆ ಕೊರತೆಯಿಂದ ಆಗತಕ್ಕ ಹಾನಿ ಎಂತಹುದು ಎಂಬುದು ವಿಚಾರಕ್ಕೆ ತಕ್ಕ ವಿಷಯ.

ಮೊದಲು ‘ಸಾಹಸ’ವೆಂಬ ಶಬ್ದವನ್ನೇ ಎತ್ತಿಕೊಳ್ಳಬಹುದು. ಧರ್ಮಶಾಸ್ತ್ರಗಳಲ್ಲಿ ಇದು ಒಳ್ಳೆಯ ಮಾತಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಸಾಹಸವನ್ನು ಬಲಾತ್ಕಾರದಿಂದ ನಡೆದ ಅಪರಾಧವೆಂಬ ಅರ್ಥದಲ್ಲಿಯೇ ವಿಚಾರಿಸಿದ್ದಾನೆ. ಅವನಿಗಿಂತ ಒಂದು ಶತಮಾನದಷ್ಟು ಹಿಂದೆ ರನ್ನನು ಅದೇ ಶಬ್ದವನ್ನು ಕೀರ್ತಿಯ ಕಿರೀಟವಾಗಿ ಮಾಡಿ, ‘ಸಾಹಸಭೀಮ’ನೆಂಬ ಬಿರುದಿನಲ್ಲಿ ತನ್ನ ಪ್ರಭುವನ್ನೂ ಪಾಂಡವ ಭೀಮನನ್ನೂ ಒಂದುಗೂಡಿಸಿದನು. ಹೀಗೆ ಅಪರಾಧವೆಂದೂ ಪರಾಕ್ರಮವೆಂದೂ ಎರಡು ಮುಖಗಳಿದ್ದ ಮಾತು ಈಗ ಮೂರನೆಯ ಮುಖವೊಂದನ್ನು ಪಡೆದಿದೆ. ಹಣ ಕೊಟ್ಟು ಗೊತ್ತಾದ ಹೊತ್ತಿಗೆ ಪಡೆಯಬಹುದಾದ ವಿನೋದವು ಅದರ ಅರ್ಥವಾಗಿದೆ. ಅರ್ಥ ಬದಲಾಗುವುದು ಭಾಷೆಯ ಸಹಜ ಧರ್ಮ, ಅದಕ್ಕಾಗಿ ಮರುಗಬೇಕಾದುದಿಲ್ಲ. ಆದರೆ ಮೊದಲಿನ ಎರಡು ಅರ್ಥಗಳಲ್ಲಿಯೂ ಸಾಹಸವೆಂದರೆ ಪ್ರಾಣದ ಪಣವಿತ್ತೆಂಬುದನ್ನು ಲೇಖಕನು ಮರೆಯಬಾರದು. ಪಣವು ಈಗಲೂ ಹೋಗಿಲ್ಲ. ಅದನ್ನು ಹೇಳುವ ಮಾತು ಮಾತ್ರ ಹೋಗಿದೆ.

ಐಸ್‌ಲೆಂಡಿನ ಸ್ವರೂಪವನ್ನು ಸ್ವಲ್ಪದರಲ್ಲಿ ತಿಳಿಯಬೇಕು. ಅದರ ವಿಸ್ತಾರ ಸುಮಾರು 1,03,000 ಚದರ ಕಿಲೋಮೀಟರು. ಎಂದರೆ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಅಲ್ಲಿನ ಒಟ್ಟು ಜನಸಂಖ್ಯೆಯಾದರೋ ಮೈಸೂರು ನಗರವೊಂದರ ಜನಸಂಖ್ಯೆಯ ಅರ್ಧಕ್ಕಿಂತಲೂ ಕಡಿಮೆ. ನೆಲದ ಹತ್ತರಲ್ಲೊಂದು ಪಾಲು ಹಿಮನದಿಗಳಿಂದ ಮುಚ್ಚಿದೆ. ಅವುಗಳಲ್ಲಿ ದೊಡ್ಡದಾದ ವಾತ್ನಯೋಕುಲ್ ಮೈಸೂರು ಜಿಲ್ಲೆಗಿಂತ ವಿಶಾಲವಾದುದು. ಹಿಮದ ಕೆಳಗೇ ಬೆಂಕಿಯ ಬೆಟ್ಟಗಳಿವೆ. 2010ರಲ್ಲಿ ಇವುಗಳಲ್ಲೊಂದು ಸಿಡಿದು ಬೂದಿಯನ್ನು ಚೆಲ್ಲಿ ಯುರೋಪಿನ ಬಹುಭಾಗದ ವಿಮಾನಸಂಚಾರವನ್ನು ದಿನಗಟ್ಟಲೆ ನಿಲ್ಲಿಸಿತು. ಪ್ರವಾಸಿಗಳು ಅಲ್ಲಿ ಬೂಟಿನ ಅಡಿಗೆ ಉಕ್ಕಿನ ಮುಳ್ಳುಗಳನ್ನು ಕಟ್ಟಿಕೊಂಡು ಹಿಮನದಿಯ ಮೇಲೆ ನಡೆಯುತ್ತಾರೆ. ಭೂಖಂಡದ ಎರಡು ಫಲಕಗಳು ಅಗಲುವೆಡೆಯಲ್ಲಿ ಉಂಟಾದ ಸಿಲ್ಫ್ರಾ ಎಂಬ ಸೀಳಿನಲ್ಲಿ, 2ರಿಂದ 4 ಡಿಗ್ರಿ ಶಾಖದ ನೀರಿನೊಳಗೆ, ನೀರು ಹೊಗದ ಉಡುಪನ್ನು ತೊಟ್ಟು ಈಜುತ್ತಾರೆ. ಸುಮಾರು 55 ಕಿಲೋಮೀಟರು ಉದ್ದದ ಲೋಯ್ಗವೇಗುರ್ ದಾರಿಯನ್ನು ನಾಲ್ಕೈದು ದಿನಗಳಲ್ಲಿ ನಡೆದು ಮುಗಿಸುತ್ತಾರೆ. ಬಿಸಿನೀರಿನ ಬುಗ್ಗೆಗಳಲ್ಲಿ ಮೀಯುತ್ತಾರೆ. ಚಳಿಗಾಲದ ಇರುಳಿನಲ್ಲಿ ಆಕಾಶದ ಹಸುರು ಬೆಳಕಿಗಾಗಿ ಕಾಯುತ್ತಾರೆ.

ಇವುಗಳನ್ನು ಕುರಿತ ಬರೆಹಗಳಲ್ಲಿ ಎದ್ದು ಕಾಣುವ ದೋಷವು ಕನ್ನಡ ಕಾವ್ಯದ ಅಭ್ಯಾಸಿಗಳಿಗೆ ಅಪರಿಚಿತವಾದುದಲ್ಲ. ಮಹಾಕಾವ್ಯಕ್ಕೆ ಅಷ್ಟಾದಶವರ್ಣನೆಗಳು ಇರಬೇಕೆಂದು ಲಾಕ್ಷಣಿಕರು ವಿಧಿಸಿದರು. ಸಮುದ್ರ, ಪರ್ವತ, ಋತು, ಚಂದ್ರೋದಯ, ವನವಿಹಾರ, ಜಲಕ್ರೀಡೆ ಮೊದಲಾದುವು ಆ ಪಟ್ಟಿಯಲ್ಲಿ ಸೇರಿದುವು. ಮಹಾಕವಿಯ ಕೈಯಲ್ಲಿ ಅವು ಕಥೆಯ ಅಂಗಗಳಾದುವು. ಅನುಕರಣಕಾರನ ಕೈಯಲ್ಲಿ ತೀರಿಸಬೇಕಾದ ಸಾಲಗಳಾದುವು. ಕಡಲನ್ನು ಕಾಣದವನೂ ಕಡಲನ್ನು ವರ್ಣಿಸಿದನು. ಈಗಿನ ಶೀತದ್ವೀಪದ ಬರೆಹಗಳಲ್ಲಿಯೂ ಇಂತಹದೇ ಒಂದು ಪಟ್ಟಿ ನೆಲೆಗೊಂಡಿದೆ: ಜಲಪಾತ, ಹಿಮನದಿ, ಬಿಸಿನೀರು, ಕಪ್ಪು ಮರಳಿನ ದಡ, ತಿಮಿಂಗಿಲ, ಉತ್ತರದ ಬೆಳಕು. ಒಂದೊಂದಕ್ಕೂ ಒಂದೊಂದು ಸಿದ್ಧ ವಿಶೇಷಣ. ಹಿಮವು ಯಾವಾಗಲೂ ‘ಹಾಲಿನಂತೆ’. ಗುಹೆಯು ಯಾವಾಗಲೂ ‘ನೀಲಮಣಿಯ ಅರಮನೆ’. ಅನುಭವವು ಯಾವಾಗಲೂ ‘ಅವರ್ಣನೀಯ’. ಅವರ್ಣನೀಯವೆಂದು ಹೇಳಿದ ಮೇಲೆ ಎರಡು ಪುಟ ವರ್ಣಿಸುವುದು ಈ ಬರೆಹಗಳಲ್ಲಿ ನಡೆದುಬಂದ ಪದ್ಧತಿ. ಓದುಗನು ಕೊನೆಯಲ್ಲಿ ಎಲ್ಲವನ್ನೂ ಕಂಡಂತಾಗುತ್ತಾನೆ; ಒಂದನ್ನೂ ಅನುಭವಿಸಿದಂತಾಗುವುದಿಲ್ಲ. ಎಲ್ಲಕ್ಕಿಂತ ಮೊದಲು ಅವನಿಗೆ ತಟ್ಟಬೇಕಾದ ಚಳಿಯೇ ತಟ್ಟುವುದಿಲ್ಲ.

ಇದಕ್ಕೆ ಒಂದು ನಿಜವಾದ ಕಾರಣವುಂಟು. ಕನ್ನಡದ ನೆಲದಲ್ಲಿ ಹಿಮವಿಲ್ಲ. ಕರ್ನಾಟಕದ ಅತ್ಯುನ್ನತವಾದ ಮುಳ್ಳಯ್ಯನಗಿರಿಯೇ 1,930 ಮೀಟರಿನಷ್ಟು; ಅದರ ತಲೆಯ ಮೇಲೆ ಮೋಡ ಕೂರುತ್ತದೆ, ಹಿಮ ಕೂರುವುದಿಲ್ಲ. ಆದುದರಿಂದ ಹಿಮದ ನಾಮಪದಗಳಲ್ಲಿ ಕನ್ನಡವು ಬಡವಾಗಿರುವುದು ಸಹಜ. ‘ಮಂಜು’ ಎಂಬ ಒಂದೇ ಮಾತು ಎಷ್ಟು ಹೊರೆಯನ್ನು ಹೊರುತ್ತದೆಂಬುದನ್ನು ನೋಡಬಹುದು. ಮಾರ್ಗಶಿರದ ಬೆಳಗಿನಲ್ಲಿ ಕುಕ್ಕರಹಳ್ಳಿ ಕೆರೆಯ ಮೇಲೆ ಕವಿದುಕೊಳ್ಳುವುದೂ ಮಂಜು. ವೃತ್ತಪತ್ರಿಕೆಯಲ್ಲಿ ಕಾಶ್ಮೀರದ ಮನೆಗಳ ಮೇಲೆ ಬೀಳುವುದೂ ಮಂಜು. ಗಟ್ಟಿಯಾದರೆ ಮಂಜಿನ ಗಡ್ಡೆ. ಹೊಗೆಯಂತೆ ತೇಲುವುದನ್ನೂ ಹತ್ತಿಯಂತೆ ಬೀಳುವುದನ್ನೂ ಕಲ್ಲಿನಂತೆ ನಿಲ್ಲುವುದನ್ನೂ ಒಂದೇ ಹೆಸರಿನಿಂದ ಕರೆದಾಗ ಮೈಸೂರಿನ ಓದುಗನ ಮನಸ್ಸಿನಲ್ಲಿ ಮೂಡುವ ಚಿತ್ರವು ಕೆರೆಯ ಮೇಲಿನ ಮಂಜಿನದೇ. ಅದು ಸುಖವಾದ ಚಿತ್ರ. ‘ಹಿಮನದಿ’ಯೆಂಬ ಮಾತೂ ಹಾಗೆಯೇ. ನದಿಯೆಂದೊಡನೆ ಕಾವೇರಿಯನ್ನೋ ಕಪಿಲೆಯನ್ನೋ ನೆನೆಯುವವನಿಗೆ, ಬಂಡೆಯಂತೆ ನಿಂತಿದ್ದರೂ ಕಣ್ಣಿಗೆ ಕಾಣದೆ ಜರುಗುವ, ಜರುಗುತ್ತ ಆಳವಾಗಿ ಬಿರಿಯುವ, ಬಿರಿದ ಬಾಯನ್ನು ಹೊಸ ಹಿಮದ ತೆಳುಹೊದಿಕೆಯಿಂದ ಮುಚ್ಚಿಟ್ಟುಕೊಳ್ಳುವ ವಸ್ತುವಿನ ಕಲ್ಪನೆ ಹೆಸರೊಂದರಿಂದಲೇ ಬರಲಾರದು. ಲೇಖಕನು ಅದನ್ನು ಬಿಡಿಸಿ ಹೇಳಬೇಕು.

ಆದರೆ ನಾಮಪದದಲ್ಲಿ ಬಡವಾದ ಭಾಷೆ ಕ್ರಿಯಾಪದದಲ್ಲಿ ಸಿರಿವಂತವಾಗಿದೆ. ಹಿಮವನ್ನು ಕಾಣದ ಕನ್ನಡಿಗನು ಚಳಿಯನ್ನು ಚೆನ್ನಾಗಿ ಬಲ್ಲನು. ಚಳಿಯು ಹಿಡಿಯುತ್ತದೆ, ಕೊರೆಯುತ್ತದೆ, ಮೈ ಸೆಡೆಯುತ್ತದೆ, ಮುದುರುತ್ತದೆ, ಬೆರಳು ಮರಗಟ್ಟುತ್ತದೆ, ಕಾಲು ಜೋಮು ಹಿಡಿಯುತ್ತದೆ, ತುಟಿ ಒಡೆಯುತ್ತದೆ, ಹಲ್ಲು ಕಟಕಟಿಸುತ್ತದೆ. ಹಳಗನ್ನಡದ ‘ಕುಳಿರ್’ ಎಂಬುದು ‘ಕುಳಿರ್ಗಾಳಿ’ಯಲ್ಲಿ ಇಂದಿಗೂ ಬದುಕಿದೆ. ಮಾಗಿಯ ಇರುಳಿನಲ್ಲಿ ಹೊಲ ಕಾದವರು, ಮಲೆನಾಡಿನ ಸೋನೆಯಲ್ಲಿ ಗದ್ದೆ ನೆಟ್ಟವರು ಕಟ್ಟಿಕೊಟ್ಟ ಮಾತುಗಳಿವು. ಇವು ಕಣ್ಣಿನ ಮಾತುಗಳಲ್ಲ, ಮೈಯ ಮಾತುಗಳು. ಶೀತದ್ವೀಪವನ್ನು ಬರೆಯುವವನು ಹಾಲು, ಬೆಳ್ಳಿ, ಮುತ್ತುಗಳ ಉಪಮಾನಗಳನ್ನು ಬದಿಗಿಟ್ಟು ಈ ಕ್ರಿಯಾಪದಗಳ ಕೈಹಿಡಿದರೆ, ಹಿಮವನ್ನು ಎಂದೂ ಕಾಣದ ಓದುಗನಿಗೂ ಅದರ ಸತ್ಯವು ಮುಟ್ಟುತ್ತದೆ. ಕನ್ನಡದ ಶೀತಪ್ರವಾಸ ಬರೆಹವು ಬೆಳೆಯತಕ್ಕ ದಾರಿ ಇದೇ.

ಈ ಮಾತಿಗೆ ನಿದರ್ಶನವು ಆ ದ್ವೀಪದ ಹಳೆಯ ಸಾಹಿತ್ಯದಲ್ಲಿಯೂ ಕನ್ನಡದ ಹಳೆಯ ಸಾಹಿತ್ಯದಲ್ಲಿಯೂ ದೊರೆಯುತ್ತದೆ. ಐಸ್‌ಲೆಂಡಿನ ಜನರು ಥಿಂಗ್‌ವೆಟ್ಲಿರ್ ಬಯಲಿನಲ್ಲಿ ತಮ್ಮ ಮಹಾಸಭೆಯನ್ನು ಸ್ಥಾಪಿಸಿದುದು 930ರಲ್ಲಿ ಎಂಬುದು ಪ್ರಸಿದ್ಧಿ. ಪಂಪನು ‘ವಿಕ್ರಮಾರ್ಜುನವಿಜಯ’ವನ್ನು ಮುಗಿಸಿದುದು 941ರಲ್ಲಿ. ಪರಸ್ಪರ ಹೆಸರನ್ನೂ ಕೇಳದ ಎರಡು ಜನಾಂಗಗಳು ಒಂದೇ ಕಾಲದಲ್ಲಿ ತಲೆಯೆತ್ತಿ ನಿಂತುವು. ಆ ಜನರ ವೀರಕಥೆಗಳಿಗೆ ‘ಸಾಗಾ’ ಎಂದು ಹೆಸರು, ಅವು ಗದ್ಯದಲ್ಲಿವೆ, ಮುಖ್ಯವಾಗಿ ಹದಿಮೂರು ಹದಿನಾಲ್ಕನೆಯ ಶತಮಾನಗಳಲ್ಲಿ ಬರೆಹಕ್ಕೆ ಇಳಿದುವು. ಅವುಗಳಲ್ಲೊಂದರ ನಾಯಕನು ಗ್ರೆಟ್ಟಿರ್. ದೇಶದ ಕಟ್ಟಳೆಯಿಂದ ಬಹಿಷ್ಕೃತನಾಗಿ ಅವನು ಕೊನೆಗೆ ದ್ರಂಗೇ ಎಂಬ ಕಡಿದಾದ ನಡುಗಡ್ಡೆಯನ್ನು ಸೇರಿ ತಮ್ಮನೊಡನೆಯೂ ಒಬ್ಬ ಆಳಿನೊಡನೆಯೂ ಬಾಳುತ್ತಾನೆ. ಆಳಿನ ಅಜಾಗ್ರತೆಯಿಂದ ಒಂದು ದಿನ ಒಲೆಯ ಬೆಂಕಿ ಆರಿಹೋಗುತ್ತದೆ. ದೋಣಿಯಿಲ್ಲ. ಬೆಂಕಿ ತರುವುದಕ್ಕಾಗಿ ಗ್ರೆಟ್ಟಿರ್ ಆ ಕೊರೆಯುವ ಕಡಲನ್ನು ಈಜಿ ದಡಕ್ಕೆ ಬರುತ್ತಾನೆ. ಬಂದವನು ಅಲ್ಲಿನ ಬಿಸಿನೀರಿನ ಕೊಳದಲ್ಲಿ ಕುಳಿತು ಮೈ ಕಾಯಿಸಿಕೊಳ್ಳುತ್ತಾನೆ. ಕಥೆಗಾರನು ಇದಕ್ಕೆ ಅಲಂಕಾರವನ್ನು ತೊಡಿಸಿಲ್ಲ. ಆದ ಕೆಲಸ, ಅದರ ಅಗತ್ಯ, ಅದರ ಫಲ, ಇಷ್ಟನ್ನೇ ಹೇಳಿದ್ದಾನೆ. ಬೆಂಕಿಯಿಲ್ಲದೆ ಆ ದ್ವೀಪದಲ್ಲಿ ಬದುಕಿಲ್ಲವೆಂಬ ಒಂದೇ ಸಂಗತಿಯಿಂದ ಚಳಿಯು ಓದುಗನ ಎಲುಬಿಗೆ ಇಳಿಯುತ್ತದೆ. ಇಂದು ಪ್ರವಾಸಿಗಳು ಗ್ರೆಟ್ಟಿರನ ಹೆಸರಿನ ಕೊಳದಲ್ಲಿ ಮೀಯುತ್ತಾರೆ. ಅವರದು ಸುಖ, ಅವನದು ಪ್ರಾಣ, ನೀರು ಒಂದೇ.

ಇದರ ಪಕ್ಕದಲ್ಲಿ ರನ್ನನ ದುರ್ಯೋಧನನನ್ನು ಇಟ್ಟು ನೋಡಬೇಕು. ಅವನೂ ನೆಲೆಗೆಟ್ಟ ವೀರ. ಅವನೂ ನೀರನ್ನು ಹೊಕ್ಕವನು. ವೈಶಂಪಾಯನ ಸರೋವರದ ತಣ್ಣೀರಿನೊಳಗೆ ಅಡಗಿ ಕುಳಿತವನು ಭೀಮನ ಗರ್ಜನೆಯನ್ನು ಕೇಳಿ ರೋಷದಿಂದ ನೀರಿನೊಳಗಿದ್ದೂ ಬೆವರಿದನೆಂದು ರನ್ನನು ಹೇಳುತ್ತಾನೆ. ಇಲ್ಲಿ ಅತಿಶಯೋಕ್ತಿಯಿದೆ, ಸಾಗಾದ ಕಥೆಗಾರನು ಇಂತಹ ಮಾತನ್ನು ಆಡುತ್ತಿರಲಿಲ್ಲ. ಆದರೂ ಎರಡರ ಸತ್ವವೂ ಒಂದೆಡೆಯಲ್ಲಿದೆ. ಇಬ್ಬರು ಕವಿಗಳೂ ನೀರಿನ ಬಣ್ಣವನ್ನು ಹೇಳುತ್ತ ಕೂರದೆ, ನೀರಿನೊಳಗಿರುವ ಮೈಗೆ ಏನಾಯಿತೆಂಬುದನ್ನು ಹೇಳಿದರು. ಬೆವರೆಂಬ ಒಂದು ಮೈಯ ಮಾತಿನಿಂದ ರನ್ನನು ಕೊಳದ ತಂಪನ್ನೂ ಕೌರವನ ಉರಿಯನ್ನೂ ಒಟ್ಟಿಗೆ ಕೊಟ್ಟನು. ಅತಿಶಯೋಕ್ತಿಯಿಂದಲೇ ಆಗಲಿ, ಸರಳೋಕ್ತಿಯಿಂದಲೇ ಆಗಲಿ, ಅನುಭವವು ಮೈಯ ಮೂಲಕ ಬಂದರೆ ಕಾವ್ಯ. ಬರಿಯ ಕಣ್ಣಿನ ಮೂಲಕ ಬಂದರೆ ಪಟ್ಟಿ.

ಹೊಸಗನ್ನಡದಲ್ಲಿಯೂ ಈ ಗುಣಕ್ಕೆ ಮಾದರಿಗಳಿಲ್ಲದೆ ಇಲ್ಲ. ಮೈಸೂರಿನಲ್ಲಿ ನೆಲೆಸಿ ಮಲೆನಾಡನ್ನು ಬರೆದ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಲ್ಲಿಯೇ ಬೇಟೆ, ಕಾಡು, ಇರುಳು, ಮಳೆಗಳನ್ನು ಮೈಗೆ ತಟ್ಟುವಂತೆ ಹೇಳಿತು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿಯು ತನ್ನ ನಾಯಿ ಹುಲಿಯನೊಡನೆ ಕಾಡುದಾರಿಯಲ್ಲಿ ನಡೆಯುವಾಗ ಮಳೆಯೂ ಇಂಬಳವೂ ಓದುಗನ ಕಾಲನ್ನೂ ಬಿಡುವುದಿಲ್ಲ. ಗುತ್ತಿಗೆ ಅದು ಸಾಹಸವಲ್ಲ, ದಾರಿ. ಪೂರ್ಣಚಂದ್ರ ತೇಜಸ್ವಿಯವರ ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ಉಷ್ಣದ್ವೀಪವೊಂದನ್ನು ಕುರಿತುದಾದರೂ, ದ್ವೀಪಕ್ಕೆ ಹೋದವನು ಹೇಗೆ ಬರೆಯಬೇಕೆಂಬುದಕ್ಕೆ ಒಳ್ಳೆಯ ಪಾಠ. ಅಲ್ಲಿ ಮೀನು ಹಿಡಿಯುವ ಹಂಬಲವಿದೆ, ಗೆಳೆಯರ ನಗೆಯಿದೆ; ಲೇಖಕನು ತನ್ನನ್ನು ವೀರನನ್ನಾಗಿ ಮಾಡಿಕೊಳ್ಳುವುದಿಲ್ಲ. ದ್ವೀಪವು ಅವರಿಗೆ ಪ್ರದರ್ಶನವಲ್ಲ, ಅರಿಯಬೇಕಾದ ಒಂದು ಒಗಟು. ಈ ಮೂರು ಗುಣಗಳು, ಎಂದರೆ ಮೈಯ ಸತ್ಯ, ವಿನಯ, ಜಿಜ್ಞಾಸೆ, ಶೀತದ್ವೀಪದ ಬರೆಹಕ್ಕೂ ಬೇಕು.

ಇದು ಶೈಲಿಯೊಂದರ ಮಾತಾಗಿದ್ದರೆ ಇಷ್ಟು ಒತ್ತಿ ಹೇಳಬೇಕಾಗಿರಲಿಲ್ಲ. 2024ರ ಜೂನ್ ತಿಂಗಳ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಎಂಬಲ್ಲಿಗೆ, 4,000 ಮೀಟರಿಗೂ ಮೇಲ್ಪಟ್ಟ ಎತ್ತರಕ್ಕೆ, ಕರ್ನಾಟಕದಿಂದ ಹೋದವರೇ ಹೆಚ್ಚಾಗಿದ್ದ 22 ಜನರ ಚಾರಣದ ತಂಡವೊಂದು ಹಿಮಗಾಳಿಗೆ ಸಿಕ್ಕಿ, 9 ಜನರು ಪ್ರಾಣ ಬಿಟ್ಟರು. ಐಸ್‌ಲೆಂಡಿನ ಲೋಯ್ಗವೇಗುರ್ ದಾರಿಯಲ್ಲಿ 2004ರಲ್ಲಿ ಒಬ್ಬ ತರುಣ ಪ್ರವಾಸಿಯು ಹಿಮದ ಬಿರುಗಾಳಿಗೆ ಸಿಕ್ಕಿ, ತಂಗುಮನೆಗೆ ಅತಿ ಸಮೀಪದಲ್ಲಿ, ಅದನ್ನು ಕಾಣದೆ ಮಡಿದನು. ಅದೂ ಜೂನ್ ತಿಂಗಳೇ. ಕನ್ನಡಿಗನ ಪಂಚಾಂಗದಲ್ಲಿ ಜೂನ್ ಎಂದರೆ ಮುಂಗಾರು. ಆ ತಿಂಗಳಿನಲ್ಲಿ ಚಳಿಯು ಕೊಲ್ಲಬಹುದೆಂದು ಅವನ ಮನಸ್ಸಿಗೆ ತಾನಾಗಿ ತೋರುವುದಿಲ್ಲ. 2024ರ ಆಗಸ್ಟ್ 25ರಂದು, ಬೇಸಗೆಯ ದಿನದಲ್ಲಿ, ವಾತ್ನಯೋಕುಲ್‌ನ ಒಂದು ಚಾಚಾದ ಬ್ರೇದಮೆರ್ಕುರ್‌ಯೋಕುಲ್‌ನಲ್ಲಿ ಹಿಮದ ಗೋಡೆ ಕುಸಿದು ಒಬ್ಬ ಪ್ರವಾಸಿ ಸತ್ತನು. ‘ನೀಲಮಣಿಯ ಅರಮನೆ’ಯೆಂದು ವರ್ಣಿಸಲ್ಪಡತಕ್ಕ ಸ್ಥಳವು ಇಂತಹದೇ. ಅರಮನೆಯ ಗೋಡೆ ಕುಸಿಯುವುದಿಲ್ಲ. ಹಿಮದ ಗೋಡೆ ಕುಸಿಯುತ್ತದೆ. ಉಪಮಾನವು ತಪ್ಪಿದಲ್ಲಿ ಓದುಗನ ಎಚ್ಚರವೂ ತಪ್ಪುತ್ತದೆ.

ಚಳಿಯು ಕೊಲ್ಲುವ ಕ್ರಮವನ್ನು ವೈದ್ಯರು ಚೆನ್ನಾಗಿ ತಿಳಿದಿದ್ದಾರೆ. ಒದ್ದೆ ಬಟ್ಟೆಯೂ ಗಾಳಿಯೂ ಸೇರಿದಲ್ಲಿ ಮೈಯ ಬಿಸಿ ಬೇಗ ಸೋರಿಹೋಗುತ್ತದೆ. ಮೊದಲು ನಡುಕ ಬರುತ್ತದೆ. ಬಳಿಕ ನಾಲಗೆ ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಬುದ್ಧಿ ಮಂಕಾಗುತ್ತದೆ. ಆಮೇಲೆ ನಡುಕವೇ ನಿಲ್ಲುತ್ತದೆ. ನಡುಕ ನಿಂತುದನ್ನು ನೋಡಿ ಚೇತರಿಸಿದನೆಂದು ಸಂಗಡಿಗರು ತಿಳಿದರೆ ಕೆಡುಕು. ಕೆಲವರಿಗೆ ಕೊನೆಯಲ್ಲಿ ಸೆಕೆಯಾದಂತೆ ತೋರಿ ಹೊದ್ದುದನ್ನೂ ಕಿತ್ತೆಸೆಯುತ್ತಾರೆ. ಇಂತಹ ಭಯಂಕರವಾದ ಸತ್ಯವನ್ನು ಕನ್ನಡದ ಸರಳ ಕ್ರಿಯಾಪದಗಳು ಎಷ್ಟು ನೇರವಾಗಿ ಹೊರಬಲ್ಲವೆಂಬುದು ಗಮನಿಸತಕ್ಕದ್ದು. ಹೀಗೆ ಬರೆದ ಒಂದು ಪುಟವನ್ನು ಓದಿದವನು ಶಿಖರದ ಬಳಿಯಿಂದಲೂ ಹಿಂದಿರುಗುವುದನ್ನು ಅವಮಾನವೆಂದು ಎಣಿಸನು.

ಪ್ರವಾಸ ಸಾಹಿತ್ಯವು ಆನಂದಕ್ಕಾಗಿ ಇರುವುದು, ಎಚ್ಚರಿಕೆಯ ಫಲಕವಾಗಿರುವುದಕ್ಕಲ್ಲ ಎಂದು ಇದಕ್ಕೆ ಆಕ್ಷೇಪಣೆ ಬರಬಹುದು. ಆಕ್ಷೇಪಣೆಯು ನ್ಯಾಯವಾದುದೇ; ಆದರೆ ಅದರ ಉತ್ತರವು ರಸಶಾಸ್ತ್ರದಲ್ಲಿಯೇ ಇದೆ. ವೀರರಸಕ್ಕೆ ಸ್ಥಾಯಿ ಉತ್ಸಾಹ, ಅದ್ಭುತಕ್ಕೆ ವಿಸ್ಮಯ, ಭಯಾನಕಕ್ಕೆ ಭಯ. ಎದುರಾಳಿಯ ಬಲವನ್ನು ತೋರದೆ ವೀರವು ಪುಷ್ಟಿಗೊಳ್ಳುವುದಿಲ್ಲ. ಕೌರವನ ಛಲವನ್ನು ಅಷ್ಟು ಎತ್ತರಕ್ಕೆ ಏರಿಸಿದುದರಿಂದಲೇ ರನ್ನನ ಸಾಹಸಭೀಮನಿಗೆ ಬೆಲೆ ಬಂದಿತು. ಹಾಗೆಯೇ ಹಿಮದ ಕ್ರೌರ್ಯವನ್ನು ಮರೆಮಾಡಿದವನು ಅದರ ಸೌಂದರ್ಯವನ್ನೂ ಅರ್ಧದಷ್ಟು ಕಳೆಯುತ್ತಾನೆ. ಸತ್ಯವನ್ನು ಹೇಳುವುದರಿಂದ ರಸಕ್ಕೆ ಭಂಗವಿಲ್ಲ. ರಸವು ಹುಟ್ಟುವುದೇ ಅಲ್ಲಿಂದ.

ಹಿರಿಯರ ‘ಯಾತ್ರೆ’ ಎಂಬ ಮಾತಿನಲ್ಲಿ ಈ ಸತ್ಯಕ್ಕೆ ಎಡೆಯಿತ್ತು. ಕಷ್ಟವು ಯಾತ್ರೆಯ ಅಂಗವೆಂದು ಹೊರಡುವ ಮೊದಲೇ ಒಪ್ಪಿಕೊಳ್ಳುತ್ತಿದ್ದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರವರು 1931ರಲ್ಲಿ ಹಿಮಾಲಯವನ್ನು ದಾಟಿ ಕೈಲಾಸ ಮಾನಸಸರೋವರಗಳಿಗೆ ಹೋಗಿ ಬಂದರು. ಆ ಚಳಿಯೂ ಆ ಎತ್ತರವೂ ದೊರೆಯೆಂದು ಯಾರನ್ನೂ ಬಿಡತಕ್ಕವಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಇಂದಿಗೂ ಕೆಲವರು ಮೆಟ್ಟಿಲು ಮೆಟ್ಟಿಲಿಗೆ ಕುಂಕುಮವಿಟ್ಟು ಏರುತ್ತಾರೆ, ಕೆಲವರು ದೇಹದಾರ್ಢ್ಯಕ್ಕಾಗಿ ಓಡುತ್ತಾರೆ. ಎರಡೂ ಒಳ್ಳೆಯದೇ. ಏರುವಾಗ ಬೆಟ್ಟವನ್ನು ಗೌರವಿಸುವುದು ಮುಖ್ಯ. ಅದು ಭಕ್ತಿಯಿಂದಲೂ ಬರಬಹುದು, ತಿಳಿವಳಿಕೆಯಿಂದಲೂ ಬರಬಹುದು. ಗೌರವವಿಲ್ಲದೆಡೆ ಏನಾಗುವುದೆಂಬುದನ್ನು ದೂರದ ದ್ವೀಪದಲ್ಲಿ ಹುಡುಕಬೇಕಾಗಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನರು ಕಿಕ್ಕಿರಿದುದರಿಂದ ಸರ್ಕಾರವು ಚಾರಣವನ್ನು ಕೆಲಕಾಲ ತಡೆಯಬೇಕಾಯಿತು. ಚಿತ್ರವನ್ನು ಕಂಡು ಹೊರಟವರ ಸಂಖ್ಯೆ ಬೆಟ್ಟವನ್ನು ಅರಿತು ಹೊರಟವರ ಸಂಖ್ಯೆಯನ್ನು ಮೀರಿದಾಗ ಹೀಗಾಗುತ್ತದೆ.

ಶೀತದ್ವೀಪವನ್ನು ಬರೆಯುವವನ ಮೇಲೆ ಮತ್ತೊಂದು ಹೊಣೆಯೂ ಇದೆ. ಅಲ್ಲಿನ ಹಿಮವು ಈಗ ಕರಗುತ್ತಿದೆ. ಓಕ್ ಎಂಬ ಹಿಮನದಿಯು ತೆಳುವಾಗಿ, ಜರುಗುವ ಶಕ್ತಿಯನ್ನೇ ಕಳೆದುಕೊಂಡು, ಇನ್ನು ಹಿಮನದಿಯಲ್ಲವೆಂದು 2014ರಲ್ಲಿ ತಜ್ಞರಿಂದ ನಿರ್ಣಯಿಸಲ್ಪಟ್ಟಿತು. 2019ರಲ್ಲಿ ಜನರು ಬೆಟ್ಟವನ್ನೇರಿ, ಸತ್ತವರಿಗೆ ಇಡುವಂತೆ, ಅದಕ್ಕೊಂದು ಸ್ಮರಣಫಲಕವನ್ನು ಇಟ್ಟು ಬಂದರು. ವೀರಗಲ್ಲುಗಳ ನಾಡಿನವರಿಗೆ ಆ ಕಲ್ಲಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ಹಿಮನದಿಯ ಮೇಲೆ ನಡೆದು ಬಂದವನು ಬರೆಯುವ ಪುಟವು ನಾಳೆ ಆ ಹಿಮನದಿಯ ಏಕೈಕ ಉಳಿವಾಗಬಹುದು. ‘ಅವರ್ಣನೀಯ’ವೆಂದು ಬರೆದು ಮುಗಿಸಿದ ಪುಟದಲ್ಲಿ ನಾಳೆಯವರಿಗೆ ಏನೂ ದೊರೆಯದು.

ಆದುದರಿಂದ ಈ ಕವಲಿನ ಲೇಖಕರಿಂದ ಸಹೃದಯರು ಅಪೇಕ್ಷಿಸುವುದು ಹೆಚ್ಚಿನದೇನೂ ಅಲ್ಲ. ಗಾಳಿ ಯಾವ ದಿಕ್ಕಿನಿಂದ ಬೀಸಿತು, ಬೆರಳಿಗೆ ಏನಾಯಿತು, ಎಲ್ಲಿ ಹೆದರಿಕೆಯಾಯಿತು, ಮುಂದೆ ನಡೆಯುತ್ತಿದ್ದ ಮಾರ್ಗದರ್ಶಿಯು ಹಿಮವನ್ನು ಕೋಲಿನಿಂದ ತಟ್ಟಿ ಏನನ್ನು ಅರಿತನು, ಏಕೆ ಹಿಂದಿರುಗೆಂದನು, ಇವುಗಳನ್ನು ಉಳ್ಳದ್ದು ಉಳ್ಳಂತೆ ಹೇಳಿದರೆ ಸಾಕು. ಐಸ್‌ಲೆಂಡಿನಲ್ಲಿ ದಾರಿ ತಪ್ಪಿದವರನ್ನು ಬಿರುಗಾಳಿಯಲ್ಲಿ ಹುಡುಕಿ ತರುವವರು ಸಂಬಳವಿಲ್ಲದೆ ಸ್ವಯಂಸೇವೆಗೆ ನಿಂತ ಊರಿನ ಜನರು. ಅವರ ವಿಷಯವೂ ಬರೆಹದಲ್ಲಿ ಒಂದೆರಡು ಪುಟಗಳನ್ನು ಪಡೆಯಲಿ. ಸಾಹಸವೆಂಬ ಮಾತು ಆ ಜನರಿಗೆ ಪ್ರವಾಸಿಗಿಂತ ಹೆಚ್ಚು ಒಪ್ಪುತ್ತದೆ. ಚಳಿಯನ್ನು ಹೇಳುವುದಕ್ಕೆ ಬೇಕಾದ ಮಾತುಗಳು ಹೊಲ ಕಾದವರ ಬಾಯಲ್ಲಿಯೂ ಮಲೆನಾಡಿನ ಗದ್ದೆಗಳಲ್ಲಿಯೂ ಸಿದ್ಧವಾಗಿವೆ. ಹಡಗನ್ನೋ ವಿಮಾನವನ್ನೋ ಏರುವ ಮೊದಲು ಲೇಖಕನು ಅವುಗಳನ್ನು ತನ್ನ ಗಂಟಿನಲ್ಲಿ ಕಟ್ಟಿಕೊಂಡು ಹೋಗಬೇಕು.